ಪೋರ್ಟ್‌ಫೋಲಿಯೊ ಮತ್ತು ನಮ್ಮ ತಂಬಿಗೆ



ಮಕ್ಕಳು ಡಿಸೈನ್ ಓದುತ್ತೇನೆ ಅಂದರೆ ನಮ್ಮ ಶಿಕಾಗೊ, ಡೆಟ್ರಾಯ್ಟ್ ಕಡೆಯ ಮನೆಗಳಲ್ಲಿ ಈಗ ಮೊದಲಿನಷ್ಟು ಗಾಬರಿಯಿಲ್ಲ. ಕಲಿಯಲು ಬಹಳ ದೂರ ಹೋಗಬೇಕಾಗಿಯೂ ಇಲ್ಲ. ಡೆಟ್ರಾಯ್ಟಿನ ಕಾಲೇಜ್ ಫಾರ್ ಕ್ರಿಯೇಟಿವ್ ಸ್ಟಡೀಸ್ ಕಾರು ವಿನ್ಯಾಸಕ್ಕೆ ಹೆಸರಾದದ್ದು. ಶಿಕಾಗೊದಲ್ಲಿ 1937ರಲ್ಲಿ ಮೊಹೊಲಿ-ನಾಗ್ ಆರಂಭಿಸಿದ ನ್ಯೂ ಬೌಹೌಸ್ ಶಾಲೆಯೇ ಮುಂದೆ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್ ಆಯಿತು. ಗಾಬರಿ ಶುರುವಾಗುವುದು ಕೆಲಸ ಹುಡುಕುವಾಗ. ಡಿಸೈನ್ ಕೆಲಸಕ್ಕೆ ಮಾರ್ಕ್ಸ್‌ಗಿಂತ ಮೊದಲು ಕೇಳುವುದು ಪೋರ್ಟ್‌ಫೋಲಿಯೊ. ನಾನು ಸಾಫ್ಟ್‌ವೇರಿನವನಾದರೂ ಡಿಸೈನರ್‌ಗಳ ಇಂಟರ್‌ವ್ಯೂಗೆ ನಮ್ಮಂಥವರನ್ನೂ ಕೂರಿಸುತ್ತಾರೆ. ಹಾಗೆ ಕೂತು ಗಮನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಷ್ಟೋ ಪೋರ್ಟ್‌ಫೋಲಿಯೊಗಳು ಮದುವೆ ಆಲ್ಬಮ್ಮಿನಂತಿರುತ್ತವೆ. ಚಿತ್ರಗಳೆಲ್ಲ ಚೆಂದ, ಸಂಬಂಧ ಹೇಗೆ ಕುದುರಿತು ಎಂಬುದು ಮಾತ್ರ ಎಲ್ಲೂ ಇಲ್ಲ. ಕೆಲಸ ಕೊಡುವವರಿಗೆ ಬೇಕಾದದ್ದು ಅದೇ: ತೊಂದರೆ ಏನಿತ್ತು, ಏನೇನು ಪ್ರಯತ್ನಿಸಿದಿರಿ, ಯಾವುದನ್ನು ಕೈಬಿಟ್ಟಿರಿ, ಯಾಕೆ. ಎಐ ನಿಮಿಷದಲ್ಲಿ ಥಳಥಳಿಸುವ ಚಿತ್ರ ಮಾಡಿಕೊಡುವ ಈ ದಿನಗಳಲ್ಲಂತೂ ಬರೀ ಚಿತ್ರ ನೋಡಿ ಯಾರೂ ಮರುಳಾಗುವುದಿಲ್ಲ.

ಇದಕ್ಕೆ ಒಳ್ಳೆಯ ಮಾದರಿ ನಮ್ಮ ಅಡುಗೆಮನೆಯಲ್ಲೇ ಇದೆ. ಕುರ್ಚಿಗಳ ವಿನ್ಯಾಸದಿಂದ ಪ್ರಸಿದ್ಧರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗೆ ಪರಿಚಯವಾದದ್ದು ಡೆಟ್ರಾಯ್ಟ್ ಸಮೀಪದ ಕ್ರಾನ್‌ಬ್ರುಕ್ ಅಕಾಡೆಮಿಯಲ್ಲಿ, 1941ರಲ್ಲಿ ಮದುವೆಯಾದದ್ದು ಶಿಕಾಗೊದಲ್ಲಿ. (ನಮ್ಮ ಎರಡೂ ಊರಿನವರು ಹಕ್ಕು ಸಾಧಿಸಬಹುದು!) ಭಾರತ ಸರ್ಕಾರದ ಕೋರಿಕೆಯಂತೆ ಅವರು 1958ರಲ್ಲಿ ಕೊಟ್ಟ ವರದಿಯಿಂದಲೇ 1961ರಲ್ಲಿ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್ ಹುಟ್ಟಿತು. ಭಾರತದಲ್ಲಿ ಕಂಡ ವಸ್ತುಗಳಲ್ಲೆಲ್ಲ ಅವರು ಅತಿಯಾಗಿ ಮೆಚ್ಚಿದ್ದು ಹಿಂದಿಯವರ ಲೋಟಾ, ಅಂದರೆ ನಮ್ಮ ತಂಬಿಗೆ. ಆದರೆ ಚೆನ್ನಾಗಿದೆ ಎಂದು ಹೇಳಿ ಸುಮ್ಮನಾಗಲಿಲ್ಲ. ಎಷ್ಟು ನೀರು ಹಿಡಿಯಬೇಕು? ಹಿಡಿಯುವ ಕೈ ಎಷ್ಟು ದೊಡ್ಡದು? ತಲೆಯ ಮೇಲೋ ಸೊಂಟದ ಮೇಲೋ? ತುಂಬಿದಾಗ ತೂಕ ಎಲ್ಲಿ ಕೂರುತ್ತದೆ? ಒಳಗೆ ಕೈಹಾಕಿ ತೊಳೆಯಲು ಬಾಯಿ ಎಷ್ಟಗಲ ಬೇಕು? ಬಿಸಿಯಿದ್ದರೆ ಹಿಡಿಯುವುದು ಹೇಗೆ? ನೆಲಕ್ಕಿಟ್ಟಾಗ ಸದ್ದು ಹೇಗಿರುತ್ತದೆ? ಬೆಲೆ ಎಷ್ಟು? ಹೀಗೆ ಪಟ್ಟಿಯನ್ನೇ ಕೊಟ್ಟರು. ಅದನ್ನು ಓದಿದ ಮೇಲೆ ತಂಬಿಗೆಯ ಚಿತ್ರವೇ ಬೇಕಾಗುವುದಿಲ್ಲ.

ಈಗ ನಿಮ್ಮ ಮಗಳು ಕೂಟದ ಯುಗಾದಿ ಊಟಕ್ಕೆ ಕೂಪನ್ ಆಪ್ ಮಾಡಿದ್ದಾಳೆ ಎನ್ನೋಣ. "ಸರಳ, ಆಧುನಿಕ ಆಪ್" ಎಂದು ಬರೆದು ಆರು ಫೋನಿನ ಚಿತ್ರ ಅಂಟಿಸಿದರೆ ಏನೂ ತಿಳಿಯದು. ಬದಲು ಹೀಗೆ ಹೇಳಲಿ: ಊಟದ ಸಾಲು ಬಾಗಿಲಲ್ಲೇ ನಿಲ್ಲುತ್ತಿತ್ತು. ಪಕ್ಕದಲ್ಲಿ ನಿಂತು ನೋಡಿದೆ. ಮನೆಮಂದಿಯ ಕೂಪನ್ನೆಲ್ಲ ಅಪ್ಪನ ಫೋನಿನಲ್ಲಿ, ಅಪ್ಪ ಸ್ಟೇಜ್ ಹಿಂದೆ ಮೈಕ್ ಸರಿಮಾಡುತ್ತಿದ್ದಾರೆ, ಊರಿಂದ ಬಂದ ಅಜ್ಜಿ ಸಾಲಿನಲ್ಲಿ ಕಾಯುತ್ತಿದ್ದಾರೆ. ಹಾಗಾಗಿ ಫೋನಿನ ಯೋಚನೆ ಬಿಟ್ಟು ಎಲ್ಲರ ಬ್ಯಾಡ್ಜ್ ಮೇಲೂ ಬಣ್ಣದ ಗುರುತು ಹಾಕಿಸಿದೆ, ರಾಜ್ಯೋತ್ಸವದಂದು ಗಡಿಯಾರ ಹಿಡಿದು ಅಳೆದೆ. ಆಪ್ ಕೈಬಿಟ್ಟದ್ದೇ ಈ ಕಥೆಯ ತಿರುಳು, ಅದನ್ನು ಮುಚ್ಚಿಡಬಾರದು. ಅಳೆಯದೇ ಇದ್ದರೆ ಅಳೆದಿಲ್ಲ ಎನ್ನಲಿ. ಶೇಕಡಾ 40 ಸುಧಾರಿಸಿತು ಎಂದು ಸುಮ್ಮನೆ ಬರೆದವರು ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ತಂಬಿಗೆ ಒಬ್ಬರ ವಿನ್ಯಾಸವಲ್ಲ, ತಲೆಮಾರುಗಳಿಂದ ಅನೇಕರ ಕೈಯಲ್ಲಿ ಆದದ್ದು ಎಂದೂ ಈಮ್ಸ್ ದಂಪತಿ ಗುರುತಿಸಿದ್ದರು. ಕಾಲೇಜಿನ ಪ್ರಾಜೆಕ್ಟೂ ಸಾಮಾನ್ಯವಾಗಿ ಗುಂಪಿನದೇ. ನಮ್ಮ ಮಕ್ಕಳು ಸಂಕೋಚದಿಂದ "ನಾವು ಮಾಡಿದೆವು" ಎನ್ನುತ್ತಾರೆ, ಕೇಳುವವರಿಗೆ ಯಾರು ಏನು ಮಾಡಿದರೆಂದು ತಿಳಿಯದು. ನಾಲ್ವರ ತಂಡ, ಜನರನ್ನು ಮಾತಾಡಿಸಿದ್ದೂ ಮೊದಲ ಮಾದರಿಯೂ ನನ್ನದು, ಬಣ್ಣ ಮತ್ತು ಅಕ್ಷರ ಗೆಳತಿಯದು ಎಂದು ಬರೆದರೆ ಸಾಕು. ಇಂಥ ಪ್ರಾಜೆಕ್ಟ್ ಮೂರು ನಾಲ್ಕಿದ್ದರೆ ಧಾರಾಳವಾಯಿತು, ಒಳ್ಳೆಯದು ಮೊದಲು. ಮನೆಯಲ್ಲಿ ಒಮ್ಮೆ ಅಜ್ಜಿಗೆ ಕನ್ನಡದಲ್ಲೇ ಹೇಳಿಸಿ ನೋಡಿ. "ಅದ್ಯಾಕೆ ಹಾಗ್ ಮಾಡ್ದೆ?" ಎಂದು ಅವರು ಕೇಳಿದ ಜಾಗದಲ್ಲಿ ಒಂದು ಸಾಲು ಸೇರಿಸಬೇಕು.

ಡೆಟ್ರಾಯ್ಟ್ ಕಡೆಯವರಿಗೆ ಇನ್ನೊಂದು ಮಾತು. ಕಾರು ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡಿದವರು ಇನ್ನೂ ಬಿಡುಗಡೆಯಾಗದ ಮಾದರಿಯ ಚಿತ್ರ ಹಾಕಬಾರದು. ಪಾಸ್‌ವರ್ಡ್ ಇದೆ ಎಂಬ ಮಾತ್ರಕ್ಕೆ ಸಹಿ ಹಾಕಿದ ಗೋಪ್ಯತೆಯ ಕರಾರು ಸಡಿಲವಾಗುವುದಿಲ್ಲ. ಅವರ ಗುಟ್ಟು ಇಲ್ಲಿ ತೋರಿಸಿದವನು ನಾಳೆ ನಮ್ಮದನ್ನೂ ತೋರಿಸಿಯಾನು ಎಂದೇ ಎದುರು ಕೂತವರು ಯೋಚಿಸುವುದು. ಮ್ಯಾನೇಜರ್ ಬಳಿ ಬರಹದಲ್ಲಿ ಒಪ್ಪಿಗೆ ಕೇಳಲಿ, ಸಿಗದಿದ್ದರೆ ಕಾಲೇಜಿನ ಕೆಲಸವನ್ನೇ ತೋರಿಸಲಿ.