ಗುಲ್ಮಾರ್ಗ್‌ನಲ್ಲಿ ರಾತ್ರಿ ಊಟದ ಲೆಕ್ಕ

ಹೊಸದುರ್ಗದ ಕಡೆಯ ಮಾಡದಕೆರೆಯ ತೋಟದ ಮನೆಗಳಲ್ಲೂ ಈಗ ಕಾಶ್ಮೀರ ಪ್ರವಾಸದ ಮಾತು ಬರುತ್ತದೆ. ವಿಮಾನದ ಟಿಕೆಟ್ಟು, ಕೋಣೆ ಬಾಡಿಗೆ, ಗೊಂಡೋಲಾ ಎಂಬ ಕೇಬಲ್ ಕಾರು, ಸ್ಕೀ ಕಲಿಸುವವರ ಕೂಲಿ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಾರೆ. ರಾತ್ರಿ ಊಟದ ಮಾತು ಬಂದರೆ ಮಾತ್ರ "ಅಲ್ಲೇ ಎಲ್ಲಾದ್ರೂ ತಿಂದ್ರಾಯ್ತು" ಎಂದು ಮುಗಿಸಿಬಿಡುತ್ತಾರೆ. ಚಳಿಗಾಲದಲ್ಲಿ ಮನೆಯವರೊಂದಿಗೆ ಗುಲ್ಮಾರ್ಗ್‌ಗೆ ಹೋಗಿಬಂದ ಈ ಅಂಕಣಕಾರನ ಲೆಕ್ಕದಲ್ಲಿ ಕೈಮೀರುವ ಬಾಬ್ತು ಅದೇ.

ಕಾರಣ ಜಾಗದಲ್ಲೇ ಇದೆ. ಸುಮಾರು 2,650 ಮೀಟರ್ ಎತ್ತರದ ಊರು. ಗೊಂಡೋಲಾ ಓಡುವುದು ಹಗಲಿನಲ್ಲಿ. ಕತ್ತಲಾದ ಮೇಲೆ ಹಿಮ ಬಿದ್ದ ರಸ್ತೆಯಲ್ಲಿ, ಚಕ್ರಕ್ಕೆ ಸರಪಳಿ ಕಟ್ಟಿಕೊಂಡು, ಹದಿಮೂರು ಕಿಲೋಮೀಟರ್ ಕೆಳಗಿನ ಟಂಗ್‌ಮಾರ್ಗ್‌ಗೆ ಊಟಕ್ಕೆಂದು ಯಾರೂ ಇಳಿಯುವುದಿಲ್ಲ. ಹೊಸದುರ್ಗದಲ್ಲಾದರೆ ಒಂದು ಹೋಟೆಲು ದುಬಾರಿ ಅನ್ನಿಸಿದರೆ ಪಕ್ಕದ್ದಕ್ಕೆ ಹೋಗಬಹುದು. ಇಲ್ಲಿ ಉಳಿದುಕೊಂಡ ಹೋಟೆಲೇ ಗತಿ.

ಅಂಥದ್ದೊಂದು ಹೋಟೆಲಿನಲ್ಲಿ ಬಿಲ್ಲು ನೋಡಿದ ಮೈದುನ ಕೇಳಿದ್ದು: "ಸರ್ವಿಸ್ ಚಾರ್ಜ್ ಅಂತ ಬೇರೆ ಹಾಕಿದಾರಲ್ಲ ಭಾವ, ಇದೂ ಸರ್ಕಾರಕ್ಕೆ ಹೋಗುತ್ತಾ?"

ಹೋಗುವುದಿಲ್ಲ. ಊಟದ ಬೆಲೆ ₹3,000 ಎಂದುಕೊಳ್ಳೋಣ. ಶೇ 10ರಷ್ಟು ಸರ್ವಿಸ್ ಚಾರ್ಜ್ ಸೇರಿದರೆ ₹3,300. ಅದರ ಮೇಲೆ ಶೇ 18 ಜಿಎಸ್‌ಟಿ, ₹594. ಒಟ್ಟು ₹3,894. ಅದೇ ಊಟ ಸರ್ವಿಸ್ ಚಾರ್ಜ್ ಇಲ್ಲದ, ಶೇ 5 ತೆರಿಗೆಯ ಸಾಮಾನ್ಯ ಹೋಟೆಲಿನಲ್ಲಾದರೆ ₹3,150. ಕೋಣೆಯನ್ನು ದಿನಕ್ಕೆ ₹7,500ಕ್ಕಿಂತ ಹೆಚ್ಚಿಗೆ ಕೊಡುವ ಹೋಟೆಲಿನೊಳಗಿನ ರೆಸ್ಟೋರೆಂಟಿಗೆ ಶೇ 18 ಬೀಳುತ್ತದೆ. ಹೊರಗಿನಿಂದ ಬಂದು ಉಂಡರೂ ಅಷ್ಟೇ. ತೆರಿಗೆ ತಪ್ಪಿಸಿಕೊಳ್ಳುವಂತಿಲ್ಲ, ಸರ್ವಿಸ್ ಚಾರ್ಜ್ ಬೇಡವೆನ್ನಬಹುದು. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಮೈದುನ ವಿನಯದಿಂದಲೇ ಕೇಳಿದ, ತೆಗೆದು ಹೊಸ ಬಿಲ್ಲು ಕೊಟ್ಟರು.

ರಾತ್ರಿಯ ಮೋಜು ಎಂದರೆ ಇಲ್ಲಿ ಡಿಜೆ, ಕುಣಿತಗಳಲ್ಲ. ಬಾರ್ ಇರುವ ಹೋಟೆಲುಗಳೇ ಕಡಿಮೆ. ಬುಖಾರಿ ಒಲೆಯ ಸುತ್ತ ಕೂತು, ಕೇಸರಿ, ಏಲಕ್ಕಿ, ಬಾದಾಮಿ ಹಾಕಿದ ಕಹ್ವಾ ಕುಡಿಯುವುದೇ ದೊಡ್ಡ ಸಂಭ್ರಮ. ಕಾಶ್ಮೀರಿ ಔತಣವಾದ ವಾಜ್ವಾನ್ ಮಾಂಸದೂಟವೆಂದು ಸಸ್ಯಾಹಾರಿಗಳು ಪನೀರಿಗೇ ಜೋತುಬೀಳಬೇಕಿಲ್ಲ: ತಾವರೆಯ ದಂಟನ್ನು ಮೊಸರಿನ ಗ್ರೇವಿಯಲ್ಲಿ ಬೇಯಿಸಿದ ನದ್ರು ಯಖ್ನಿ ಅನ್ನಕ್ಕೆ ಬಲು ಸೊಗಸು. ಹೋಟೆಲಿನ ಬರೀ ಹೆಸರಿಗೆ ಕೊಡುವ ದುಡ್ಡಿಗಿಂತ ಇಂಥದ್ದಕ್ಕೆ ಕೊಡುವ ದುಡ್ಡು ಸಾರ್ಥಕ.

ಆಲ್ಪ್ಸ್‌ನ ಸ್ಕೀ ಊರುಗಳದ್ದು ಬೇರೆಯೇ ಕಥೆ. ಅಲ್ಲಿ ಸಂಜೆ ಲಿಫ್ಟ್ ನಿಲ್ಲುವ ಹೊತ್ತಿಗೆ ಬಾರುಗಳು ತುಂಬಿರುತ್ತವೆ. ಸ್ವಿಟ್ಜರ್ಲೆಂಡಿನಲ್ಲಿ ಸೇವಾ ಶುಲ್ಕ ಮೆನುವಿನ ಬೆಲೆಯಲ್ಲೇ ಸೇರಿರುವುದರಿಂದ ಟಿಪ್ಸ್ ಕಡ್ಡಾಯವಲ್ಲ. ಕಾರ್ಡ್ ಉಜ್ಜುವಾಗ ಯಂತ್ರ ರೂಪಾಯಿಯೋ ಫ್ರಾಂಕೋ ಎಂದು ಕೇಳಿದರೆ ಫ್ರಾಂಕ್ ಒತ್ತಬೇಕು. ರೂಪಾಯಿ ಒತ್ತಿದರೆ ವಿನಿಮಯ ದರ ಅಂಗಡಿಯ ಕಡೆಯ ಬ್ಯಾಂಕಿನದ್ದಾಗುತ್ತದೆ, ಸಾಮಾನ್ಯವಾಗಿ ಅದು ದುಬಾರಿ.

ಗುಲ್ಮಾರ್ಗ್‌ಗೆ ಹೊರಡುವವರು ಕೋಣೆ ಹಿಡಿಯುವಾಗಲೇ ಊಟ ತೀರ್ಮಾನಿಸುವುದು ಲೇಸು. ಹೋಟೆಲಿನವರ ಭಾಷೆಯಲ್ಲಿ ಸಿಪಿ ಎಂದರೆ ತಿಂಡಿ ಮಾತ್ರ, ಎಂಎಪಿ ಎಂದರೆ ತಿಂಡಿಯ ಜೊತೆಗೆ ಒಂದು ಊಟ. ಎರಡರ ದರವನ್ನೂ ತೆರಿಗೆ ಸೇರಿಸಿ ಕೇಳಿ. ಮಕ್ಕಳ ಊಟಕ್ಕೆ ಎಷ್ಟು, ಕೋಣೆಯ ಹೀಟರಿಗೆ ಬೇರೆ ದುಡ್ಡು ಉಂಟೇ ಎಂಬುದನ್ನೂ ಅದೇ ಫೋನಿನಲ್ಲಿ ಕೇಳಿ, ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.