ಸಿಗರೇಟು ಬಿಟ್ಟವನ ಮೊದಲ ಮೂರು ವಾರ



ಸಿಗರೇಟು ಸೇದುವುದು ಕೆಟ್ಟದ್ದೆಂದು ತಿಳಿಸುವುದಕ್ಕಾಗಿ ಈ ಪಾಠವನ್ನು ಬರೆಯುತ್ತಿಲ್ಲ. ಆ ಮಾತನ್ನು ಪೊಟ್ಟಣದ ಮೇಲಿನ ಚಿತ್ರವೇ ಹೇಳುತ್ತದೆ. ಮನೆಯ ಹೆಂಗಸರು ಅದಕ್ಕಿಂತ ಚೆನ್ನಾಗಿ ಹೇಳುತ್ತಾರೆ. ಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿ, ಬಿಟ್ಟೂ ಬಿಟ್ಟು, ಮೂರನೆಯ ದಿನವೋ ನಾಲ್ಕನೆಯ ದಿನವೋ ತಡೆಯಲಾರದೆ ಮತ್ತೆ ಪೆಟ್ಟಿಗೆ ಅಂಗಡಿಯ ಮುಂದೆ ನಿಂತವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. "ನನ್ನ ಕೈಯಲ್ಲಿ ಆಗುವುದಿಲ್ಲ" ಎಂದು ಅವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಅವರಿಗಾಗಿ ಇದನ್ನು ಬರೆದಿದೆ.

ನಮ್ಮ ಹಳ್ಳಿಗಳ ತರುಣರು ಬಹುಪಾಲು ಸಿಗರೇಟು ಕಲಿಯುವುದು ಊರಿನಲ್ಲಲ್ಲ, ಕೆಲಸದ ಜಾಗದಲ್ಲಿ. ಹೊಸೂರು ರಸ್ತೆ ಹಿಡಿದು ಬೊಮ್ಮನಹಳ್ಳಿಗೆ ದುಡಿಯಲು ಹೋಗುವವರನ್ನೇ ನೋಡಿ. ಆ ಊರಿಗೆ ಹೆಸರಿನಲ್ಲಷ್ಟೇ ಹಳ್ಳಿ ಉಳಿದಿದೆ. 2007ರಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆಗೆ ಸೇರಿದ ಮೇಲಂತೂ ಹೊಲದ ಗುರುತೇ ಸಿಗದು. ಎಲ್ಲೆಲ್ಲೂ ಉಡುಪಿನ ಕಾರ್ಖಾನೆ, ಗ್ಯಾರೇಜು, ಬಾಡಿಗೆ ಕೋಣೆ. ಹತ್ತೂವರೆಗೆ ಟೀ ಬಿಡುವು. ಟೀ ಅಂಗಡಿಯಲ್ಲಿ ಲೈಟರನ್ನು ದಾರಕ್ಕೆ ಕಟ್ಟಿ ನೇತು ಹಾಕಿರುತ್ತಾರೆ. ಲೋಟದ ಜೊತೆಗೆ ಒಂದು ಸಿಗರೇಟು ತಾನಾಗಿ ಕೈಗೆ ಬರುತ್ತದೆ. ಬಿಡಿ ಸಿಗರೇಟು ಮಾರಬಾರದೆಂದು ನಮ್ಮ ರಾಜ್ಯದಲ್ಲಿ ಕಾನೂನಿದೆ; ಕಾನೂನಿನ ಪಾಡಿಗೆ ಕಾನೂನು, ಅಂಗಡಿಯ ಪಾಡಿಗೆ ಅಂಗಡಿ. 2025ರ ಆಗಸ್ಟಿನಿಂದ ಬೊಮ್ಮಸಂದ್ರದ ಕಡೆಯಿಂದ ಮೆಟ್ರೊ ರೈಲು ಓಡುತ್ತಿದೆ. ರೈಲಿನಲ್ಲಿ ಸೇದುವಂತಿಲ್ಲವಾದ್ದರಿಂದ, ನಿಲ್ದಾಣದ ಮೆಟ್ಟಿಲು ಇಳಿದೊಡನೆ ಜೇಬು ತಡಕುವವರನ್ನು ಯಾರು ಬೇಕಾದರೂ ನೋಡಬಹುದು. ಅರ್ಧ ಗಂಟೆ ತಡೆದದ್ದೇ ಅವರಿಗೆ ಒಂದು ದಿನದಷ್ಟಾಗಿರುತ್ತದೆ.

ಏಕೆ ಹೀಗಾಗುತ್ತದೆಂಬುದನ್ನು ಮೊದಲು ತಿಳಿಯೋಣ.

ಹೊಗೆಸೊಪ್ಪಿನ ಗಿಡದಲ್ಲಿ ನಿಕೋಟಿನ್ ಎಂಬ ವಸ್ತುವಿದೆ. ಅದು ತಯಾರಾಗುವುದು ಬೇರಿನಲ್ಲಿ, ಸೇರಿಕೊಳ್ಳುವುದು ಎಲೆಯಲ್ಲಿ. ಹುಣಸೂರು, ಪಿರಿಯಾಪಟ್ಟಣದ ಕಡೆಯ ಬೆಳೆಗಾರರು ಹೂ ಬರುವ ಹೊತ್ತಿಗೆ ಗಿಡದ ಕುಡಿ ಚಿವುಟುತ್ತಾರೆ. ಆಗ ಎಲೆ ದಪ್ಪವಾಗುತ್ತದೆ, ನಿಕೋಟಿನ್ ಕೂಡ ಹೆಚ್ಚುತ್ತದೆ. ಒದ್ದೆ ಎಲೆಯನ್ನು ಬರಿಗೈಯಲ್ಲಿ ಕೊಯ್ದ ಆಳುಗಳಿಗೆ ತಲೆಸುತ್ತು, ವಾಂತಿ ಬರುವುದುಂಟು. ಅದು ಚರ್ಮದ ಮೂಲಕ ಇಳಿದ ನಿಕೋಟಿನ್ನಿನ ಕೆಲಸ. ಗಿಡಕ್ಕೆ ಅದು ಹುಳುಗಳಿಂದ ರಕ್ಷಣೆ. ಗಿಡಹೇನಿಗೆ ಹೊಗೆಸೊಪ್ಪಿನ ಕಷಾಯ ಹೊಡೆಯುತ್ತಿದ್ದ ನಮ್ಮ ಹಿರಿಯರಿಗೆ ಈ ಗುಣ ಗೊತ್ತಿತ್ತು. ಹೇನಿನ ನರಕ್ಕೆ ತಗಲುವ ವಸ್ತುವೇ ನಮ್ಮ ನರಕ್ಕೂ ತಗಲುತ್ತದೆ, ಪ್ರಮಾಣ ಮಾತ್ರ ಬೇರೆ.

ಒಂದು ದಮ್ಮು ಎಳೆದರೆ ಕೆಲವೇ ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳಿಗೆ ಮುಟ್ಟಿ, ಹಿತವೆನಿಸುವ ರಸವೊಂದನ್ನು ಅಲ್ಲಿ ಹೊರಡಿಸುತ್ತದೆ. ಆದರೆ ರಕ್ತದಲ್ಲಿ ಸೇರಿದ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿದುಹೋಗುತ್ತದೆ. ಇಳಿದಾಗ ಮಿದುಳು ಮತ್ತೆ ಬೇಡುತ್ತದೆ: ಕೈ ಚಡಪಡಿಸುತ್ತದೆ, ಸಿಟ್ಟು ಬರುತ್ತದೆ. ಆಗ ಇನ್ನೊಂದು ಹಚ್ಚಿದರೆ ಸಮಾಧಾನವಾಗುತ್ತದೆ. "ಸಿಗರೇಟು ತಲೆ ತಣ್ಣಗೆ ಮಾಡುತ್ತದೆ" ಎಂದು ಸೇದುವವರು ಹೇಳುವುದು ಇದನ್ನೇ. ಆ ಬಿಸಿಯನ್ನು ಎಬ್ಬಿಸಿದ್ದು ಎರಡು ಗಂಟೆ ಹಿಂದಿನ ಸಿಗರೇಟು ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ಬೇಡಿಕೆಗೆ ಒಂದು ಅಳತೆಯಿದೆ. ಇದನ್ನು ತಿಳಿಯದೆ ಬಿಡಲು ಹೊರಟವರೇ ಹೆಚ್ಚಾಗಿ ಸೋಲುವುದು. ಸಿಗರೇಟು ಬೇಕೆಂಬ ಒಂದು ಸಲದ ಚಪಲ ಸಾಮಾನ್ಯವಾಗಿ ಐದು ನಿಮಿಷದ ಆಸುಪಾಸಿನದು. ಅಷ್ಟು ಹೊತ್ತು ತಡೆದರೆ, ಸೇದಿದರೂ ಸೇದದಿದ್ದರೂ ಅದು ಇಳಿಯುತ್ತದೆ. ಎರಡು ಮೂರು ದಿನದಲ್ಲಿ ನಿಕೋಟಿನ್ ಬಹುಮಟ್ಟಿಗೆ ದೇಹ ಬಿಟ್ಟು ಹೋಗುತ್ತದೆ. ಆದುದರಿಂದ ಮೊದಲ ಮೂರು ದಿನ ಅತ್ಯಂತ ಕಷ್ಟದವು. ಆಮೇಲೆ ಕಷ್ಟ ದಿನದಿನಕ್ಕೆ ಕಡಮೆಯಾಗುತ್ತಾ, ಮೂರು ನಾಲ್ಕು ವಾರದಲ್ಲಿ ಬಹುಮಂದಿಗೆ ಹಗುರವಾಗುತ್ತದೆ. ಕೊನೆ ಗೊತ್ತಿಲ್ಲದ ನೋವು ಬೇರೆ, ಇಂತಿಷ್ಟು ದಿನವೆಂದು ಗೊತ್ತಿರುವ ನೋವು ಬೇರೆ.

ಮೊದಲ ಮೂರು ದಿನ

ಆ ದಿನಗಳಲ್ಲಿ ಏನೇನಾಗುತ್ತದೆ? ನಿದ್ದೆ ಸರಿಯಾಗಿ ಹತ್ತುವುದಿಲ್ಲ. ಸಣ್ಣ ಮಾತಿಗೂ ರೇಗುತ್ತದೆ. ಕೆಲಸದಲ್ಲಿ ಗಮನ ನಿಲ್ಲುವುದಿಲ್ಲ. ಹಸಿವು ಹೆಚ್ಚುತ್ತದೆ, ಮಲಬದ್ಧತೆಯಾಗುತ್ತದೆ. ಕೆಲವರಿಗೆ ಕೆಮ್ಮು ಮೊದಲಿಗಿಂತ ಜಾಸ್ತಿಯಾಗಿ ಗಾಬರಿಯಾಗುತ್ತದೆ. "ಸೇದುತ್ತಿದ್ದಾಗಲೇ ಚೆನ್ನಾಗಿದ್ದೆ" ಎನ್ನಿಸುತ್ತದೆ. ಇಷ್ಟು ದಿನ ಹೊಗೆಯಿಂದ ಮಂಕಾಗಿದ್ದ ಶ್ವಾಸನಾಳ ಮತ್ತೆ ಕಸ ಗುಡಿಸಲು ತೊಡಗಿದೆಯೆಂದು ಅದರ ಅರ್ಥ. ಆದರೆ ಕೆಮ್ಮಿನಲ್ಲಿ ರಕ್ತ ಕಂಡರೆ, ಅಥವಾ ಕೆಮ್ಮು ಎರಡು ವಾರ ದಾಟಿದರೆ ಕ್ಷಯದ ಪರೀಕ್ಷೆ ಮಾಡಿಸಲೇಬೇಕು. ಅದನ್ನು ಸಿಗರೇಟು ಬಿಟ್ಟದ್ದರ ಲೆಕ್ಕಕ್ಕೆ ಬರೆದು ಸುಮ್ಮನಿರಬೇಡಿ.

ಕಾಫಿಯ ವಿಷಯ ಬಹಳ ಮಂದಿಗೆ ತಿಳಿಯದು. ಹೊಗೆ ಕುಡಿಯುವವನ ದೇಹ ಕಾಫಿಯ ಸತ್ವವನ್ನು ಬೇಗ ಕರಗಿಸುತ್ತದೆ. ಸಿಗರೇಟು ನಿಲ್ಲಿಸಿದ ಮೇಲೆ ಆ ವೇಗ ಇಳಿಯುತ್ತದೆ. ಹಾಗಾಗಿ ಹಿಂದಿನಷ್ಟೇ ಲೋಟ ಕಾಫಿ ಕುಡಿದರೂ ರಕ್ತದಲ್ಲಿ ನಿಲ್ಲುವ ಸತ್ವ ಹೆಚ್ಚು ಕಡಮೆ ಇಮ್ಮಡಿಯಾಗುತ್ತದೆ. ಎದೆ ಡವಗುಟ್ಟುವುದು, ಕೈ ನಡುಗುವುದು, ರಾತ್ರಿ ಎಚ್ಚರವಾಗಿರುವುದು ಇವೆಲ್ಲ ಸಿಗರೇಟಿಲ್ಲದ್ದರಿಂದ ಎಂದು ಅವನು ತಿಳಿಯುತ್ತಾನೆ. ಅರ್ಧ ತಪ್ಪು ಕಾಫಿಯದು. ಬಿಟ್ಟ ದಿನದಿಂದಲೇ ಕಾಫಿ ಟೀಗಳನ್ನು ಅರ್ಧಕ್ಕೆ ಇಳಿಸಿ. ಬದಲಿಗೆ ಮಜ್ಜಿಗೆ, ರಾಗಿ ಅಂಬಲಿ, ನೀರು. ಸೊಪ್ಪಿನ ಸಾರು, ಹಣ್ಣು ತಿಂದರೆ ಹೊಟ್ಟೆಯ ತೊಂದರೆಯೂ ತಪ್ಪುತ್ತದೆ.

ದಿನವನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಬಿತ್ತನೆಗೆ ಹದ ನೋಡುವುದಿಲ್ಲವೇ, ಹಾಗೆ. ಸುಗ್ಗಿಯ ಅವಸರವಿರುವಾಗ, ಕಾರ್ಖಾನೆಯಲ್ಲಿ ಸರಕು ಕಳಿಸುವ ಗಡಿಬಿಡಿಯಿರುವಾಗ, ಮನೆಯಲ್ಲಿ ಮದುವೆಯಿರುವಾಗ ಹಿಡಿಯಬೇಡಿ. ಹಿಂದಿನ ರಾತ್ರಿಯೇ ಪೊಟ್ಟಣ, ಬೆಂಕಿಕಡ್ಡಿ, ಲೈಟರು ಎಲ್ಲವೂ ಮನೆಯಿಂದ ಹೊರಗೆ ಹೋಗತಕ್ಕದ್ದು. "ಒಂದಿರಲಿ, ಧೈರ್ಯಕ್ಕೆ" ಎಂದು ಅಟ್ಟದ ಮೇಲೆ ಇಟ್ಟವರು ಅದನ್ನು ಸೇದದೆ ಬಿಟ್ಟದ್ದನ್ನು ನಾನು ಕಂಡಿಲ್ಲ. ದಿನಕ್ಕೆ ಒಂದೊಂದು ಕಡಮೆ ಮಾಡುತ್ತಾ ಬರುತ್ತೇನೆಂಬುದು ಕೇಳಲು ಚೆಂದ. ಆದರೆ ಉಳಿದ ಸಿಗರೇಟುಗಳನ್ನು ಆಳವಾಗಿ ಎಳೆದು ದೇಹ ತನ್ನ ಪಾಲನ್ನು ವಸೂಲು ಮಾಡಿಕೊಳ್ಳುತ್ತದೆ. ಒಂದು ದಿನ ಗುರುತು ಮಾಡಿ ಪೂರ್ತಿ ನಿಲ್ಲಿಸುವುದೇ ಮೇಲೆಂದು ನನ್ನ ಅಭಿಪ್ರಾಯ.

ಸಿಗರೇಟು ಬಿಟ್ಟು ಬೀಡಿಗೆ ಹೋಗುವುದರಿಂದ ಲಾಭವಿಲ್ಲ. ಬೀಡಿ ಆಗಾಗ ನಂದುವುದರಿಂದ ಹೆಚ್ಚು ಸಲ ಎಳೆಯಬೇಕಾಗುತ್ತದೆ. ಹೊಗೆಸೊಪ್ಪು ಅಗಿಯುವುದಕ್ಕೆ ಬದಲಾಯಿಸುವುದೂ ಹಾಗೆಯೇ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಸೇದುವವರು ನೂರಕ್ಕೆ 8.8, ಹೊಗೆಯಿಲ್ಲದ ತಂಬಾಕು ಬಳಸುವವರು ನೂರಕ್ಕೆ 16.3. ಬಾಯಿಯ ಕ್ಯಾನ್ಸರ್ ಆ ದಾರಿಯಲ್ಲಿ ಬರುತ್ತದೆ. ವಿದ್ಯುತ್ ಸಿಗರೇಟನ್ನು ದೇಶದಲ್ಲಿ 2019ರಲ್ಲೇ ನಿಷೇಧಿಸಲಾಗಿದೆ.

ಮುಚ್ಚಿಟ್ಟ ಚಟ, ಮುಚ್ಚಿಟ್ಟ ಕಷ್ಟ

ನಮ್ಮ ಕಡೆಯವರೇ ಒಬ್ಬರಿದ್ದಾರೆ. ಬೊಮ್ಮನಹಳ್ಳಿಯ ಉಡುಪು ಕಾರ್ಖಾನೆಯೊಂದರಲ್ಲಿ ಬಟ್ಟೆ ಕತ್ತರಿಸುವ ಕೆಲಸ, ವಯಸ್ಸು ಮೂವತ್ತೆಂಟು. ದಿನಕ್ಕೆ ಎಂಟು ಸಿಗರೇಟು. ಒಂದಕ್ಕೆ 15 ರೂಪಾಯಿ ಹಿಡಿದರೂ ವರ್ಷಕ್ಕೆ 43,800 ರೂ. ಅದು ಅವರನ್ನು ಅಲುಗಿಸಲಿಲ್ಲ. ಚಳಿಗಾಲ ಬಂದರೆ ಅವರ ನಾಲ್ಕು ವರ್ಷದ ಮಗಳಿಗೆ ಉಬ್ಬಸ. "ಮನೆಯೊಳಗೆ ಸೇದುವುದಿಲ್ಲವಲ್ಲ" ಎಂಬುದು ಅವರ ಸಮಾಧಾನ. ಮಗುವನ್ನು ಎತ್ತಿಕೊಂಡೇ ಆಸ್ಪತ್ರೆಗೆ ಹೋದಾಗ ವೈದ್ಯರು ಮಗುವನ್ನು ನೋಡುವ ಮೊದಲು ಇವರ ಅಂಗಿಯ ವಾಸನೆ ಹಿಡಿದು, "ಇದು ಮಗುವಿನ ಮೂಗಿನ ಹತ್ತಿರವೇ ಇರುತ್ತದಲ್ಲ" ಎಂದರಂತೆ. ಅಂದೇ ಬಿಟ್ಟರು. ಮೂರನೆಯ ದಿನಕ್ಕೆ ಸೋತರು. ಎರಡನೆಯ ಸಲ ಹತ್ತು ದಿನ ಗೆದ್ದು, ಹನ್ನೊಂದನೆಯ ದಿನ ಒಂದು ಬೀಗರೂಟದಲ್ಲಿ "ಒಂದೇ ಒಂದು" ಎಂದು ಸೇದಿ, ಆ ವಾರದಲ್ಲೇ ಎಂಟಕ್ಕೆ ಮರಳಿದರು.

ಬೆಳೆ ಪರಿಹಾರದ ಕಾಗದ ತೋರಿಸಲು ಬಂದವರು ನನ್ನೆದುರು ಕುಳಿತು ಇದನ್ನೆಲ್ಲ ಹೇಳಿದರು. "ಸಾರ್, ಸೇದುವುದು ನಮ್ಮಪ್ಪನಿಗೆ ಗೊತ್ತಿಲ್ಲ. ಬಿಟ್ಟದ್ದನ್ನು ಹೇಗೆ ಹೇಳಲಿ? ಎರಡು ದಿನ ಸುಮ್ಮಸುಮ್ಮನೆ ರೇಗಿದೆ. ಇವನಿಗೇನೋ ಸಾಲದ ತಾಪತ್ರಯ ಅಂದುಕೊಂಡರು."

"ಅಣ್ಣಾ, ಅಪ್ಪನಿಗೆ ಬೇಡ, ಅಕ್ಕನಿಗಾದರೂ ಹೇಳಿದಿರಾ?" ಎಂದು ಅವರ ಹೆಂಡತಿಯ ವಿಚಾರ ಕೇಳಿದೆ. ಹೇಳಿರಲಿಲ್ಲ.

ನಮ್ಮಲ್ಲಿ ಇದು ದೊಡ್ಡ ತೊಡಕು. ಹಿರಿಯರೆದುರು ಸೇದಬಾರದೆಂಬ ಮರ್ಯಾದೆ ಒಳ್ಳೆಯದೇ. ಆದರೆ ಸೇದುವುದನ್ನು ಮುಚ್ಚಿಟ್ಟವನು ಬಿಡುವುದನ್ನೂ ಮುಚ್ಚಿಡಬೇಕಾಗುತ್ತದೆ. ಕಷ್ಟದ ದಿನಗಳಲ್ಲಿ ಅವನಿಗೆ ಯಾರೂ ಇರುವುದಿಲ್ಲ. ಮನೆಯಲ್ಲಿ ಒಬ್ಬರಿಗೆ, ಕೆಲಸದಲ್ಲಿ ಒಬ್ಬರಿಗೆ, ಇಷ್ಟು ಜನಕ್ಕಾದರೂ ಮೊದಲೇ ಹೇಳಿಡಿ: "ಇಂಥ ದಿನದಿಂದ ಬಿಡುತ್ತೇನೆ, ಒಂದು ವಾರ ರೇಗಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ." ಹೆಂಗಸರಿಗೂ ಒಂದು ಮಾತು. ಆ ವಾರ "ನಿಮ್ಮ ಕೈಯಲ್ಲಿ ಆಗುವುದೇ ಇಲ್ಲ" ಎಂದು ಚುಚ್ಚಬೇಡಿ; ಅಂಗಡಿಗೆ ಕಳಿಸಬೇಕಾದ ಸಾಮಾನಿದ್ದರೆ ಬೇರೆಯವರನ್ನು ಕಳಿಸಿ.

ಮೂರನೆಯ ಸಲ ಅವರು ಹೆಂಡತಿಗೆ ಹೇಳಿಯೇ ಬಿಟ್ಟರು. ಟೀ ಬಿಡುವಿನಲ್ಲಿ ಗೇಟಿನ ಹೊರಗೆ ಹೋಗಲಿಲ್ಲ, ಒಳಗೇ ಕುಳಿತು ಹುರಿಗಡಲೆ ತಿಂದರು. ಊಟವಾದ ಮೇಲೆ ಬಾಯಿಗೆ ಸೋಂಪು, ಲವಂಗ. ಚಪಲ ಬಂದಾಗ ಗಡಿಯಾರ ನೋಡಿ ಐದು ನಿಮಿಷ ನಡೆದರು. ಮೊದಲ ದಿನ ಹನ್ನೆರಡು ಸಲ ನಡೆದೆನೆಂದು ಎಣಿಸಿಟ್ಟಿದ್ದಾರೆ. ಒಂದು ತಿಂಗಳು ಮದ್ಯದ ಗೆಳೆಯರ ಕಡೆ ಮುಖ ಹಾಕಲಿಲ್ಲ. ಮಗಳು ದಿನಕ್ಕೊಂದು ತಾರೀಖಿನ ಮೇಲೆ ಬಣ್ಣದ ಕಡ್ಡಿಯಿಂದ ಗೀಚುತ್ತಿದ್ದಳು, ಏಕೆಂದು ಅವಳಿಗೆ ಗೊತ್ತಿರಲಿಲ್ಲ. ಈಗ ಏಳು ತಿಂಗಳಾಯಿತು. "ಈಗಲೂ ಬರುತ್ತದೆ ಸಾರ್. ಬಂದು ಹೋಗುತ್ತದೆ" ಎನ್ನುತ್ತಾರೆ. ಮಗುವಿನ ಉಬ್ಬಸ ಪೂರ್ತಿ ಹೋಗಿಲ್ಲ. ರಾತ್ರಿ ಎದ್ದು ಕೂರುವುದು ಕಡಮೆಯಾಗಿದೆ.

ಮೂರು ವಾರ ದಾಟಿದ ಮೇಲೆ ಶತ್ರು ಬೇರೆ. ದೇಹದ ಬೇಡಿಕೆ ಇಳಿದಿರುತ್ತದೆ, ಆದರೆ ಜಾಗ, ಹೊತ್ತು, ಜೊತೆಗಾರ ಇವು ನೆನಪಿಗೆ ತರುತ್ತವೆ. "ಒಂದೇ ಒಂದು" ಎಂಬ ಮಾತು ಕೇಳಿಬರುವುದು ಆಗಲೇ. ಅಕಸ್ಮಾತ್ ಒಂದು ಸೇದಿಬಿಟ್ಟರೆ, ಎಲ್ಲ ಕೆಟ್ಟಿತೆಂದು ಪೊಟ್ಟಣ ಕೊಳ್ಳಬೇಡಿ. ಎಲ್ಲಿ, ಯಾರ ಜೊತೆ ಹಾಗಾಯಿತೆಂದು ಗುರುತು ಮಾಡಿಕೊಂಡು ಅಲ್ಲಿಂದಲೇ ಮುಂದುವರಿಸಿ. ಹಲವು ಸಲ ಬಿದ್ದೆದ್ದವರೇ ಕೊನೆಗೆ ಬಿಟ್ಟವರಲ್ಲಿ ಹೆಚ್ಚು.

"ನನಗೆ ಐವತ್ತಾಯಿತು, ಇನ್ನೇನು" ಎನ್ನುವವರಿದ್ದಾರೆ. ಬ್ರಿಟನ್ನಿನಲ್ಲಿ 1951ರಿಂದ ಸಾವಿರಾರು ವೈದ್ಯರನ್ನು ಐವತ್ತು ವರ್ಷ ಲೆಕ್ಕವಿಟ್ಟು ನೋಡಿದರು. ಸೇದುವುದನ್ನು 60ರಲ್ಲಿ ಬಿಟ್ಟವರಿಗೆ ಆಯುಸ್ಸಿನಲ್ಲಿ ಸುಮಾರು 3 ವರ್ಷ, 50ರಲ್ಲಿ ಬಿಟ್ಟವರಿಗೆ 6, 40ರಲ್ಲಿ ಬಿಟ್ಟವರಿಗೆ 9, 30ರಲ್ಲಿ ಬಿಟ್ಟವರಿಗೆ 10 ವರ್ಷ ಲಾಭವೆಂದು 2004ರಲ್ಲಿ ಪ್ರಕಟಿಸಿದರು. ಆ ಕೆಲಸ ಮಾಡಿದ ರಿಚರ್ಡ್ ಡಾಲ್ ತಾವೇ ಸೇದುತ್ತಿದ್ದವರು. 1950ಕ್ಕೆ ಮುಂಚೆ ತಮ್ಮ ಮೊದಲ ಲೆಕ್ಕ ಕೈಗೆ ಬರುತ್ತಿರುವಾಗಲೇ ಬಿಟ್ಟರು.

ಬರಿಯ ಮನೋಬಲದಿಂದ ಆಗದಿದ್ದರೆ ನಾಚಬೇಕಾಗಿಲ್ಲ. ಔಷಧದ ಅಂಗಡಿಯಲ್ಲಿ ನಿಕೋಟಿನ್ ಗಮ್ ಸಿಗುತ್ತದೆ. ಅದನ್ನು ಮಕ್ಕಳ ಚೂಯಿಂಗ್ ಗಮ್ಮಿನಂತೆ ಸತತ ಅಗಿಯಬಾರದು. ಖಾರವೆನಿಸುವ ತನಕ ನಿಧಾನವಾಗಿ ಅಗಿದು, ಕೆನ್ನೆಯ ಒಳಮಗ್ಗುಲಲ್ಲಿ ಇಟ್ಟುಕೊಂಡು, ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು. ಅದಕ್ಕೆ ಕಾಲು ಗಂಟೆ ಮುಂಚೆ ಮತ್ತು ಅದು ಬಾಯಲ್ಲಿರುವಾಗ ಕಾಫಿ, ಹಣ್ಣಿನ ರಸ ಬೇಡ. ಹೃದಯದ ಕಾಯಿಲೆಯವರೂ ಗರ್ಭಿಣಿಯರೂ ವೈದ್ಯರನ್ನು ಕೇಳಿ ಮಾತ್ರ ಬಳಸತಕ್ಕದ್ದು.

ಬೊಮ್ಮನಹಳ್ಳಿಯಿಂದ ಸಿಲ್ಕ್ ಬೋರ್ಡ್ ದಾಟಿ ನಗರದ ಕಡೆ ಹೋದರೆ ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಇದೆ. ವ್ಯಸನ ಬಿಡಿಸುವ ವಿಭಾಗ ಅಲ್ಲಿದೆ. ಅಷ್ಟು ದೂರ ಹೋಗಲಾಗದವರು 1800 11 2356ಕ್ಕೆ ಕರೆ ಮಾಡಬಹುದು. 2018ರ ಸೆಪ್ಟೆಂಬರಿನಿಂದ ಸಿಗರೇಟು ಪೊಟ್ಟಣದ ಮೇಲೆಯೇ ಮುದ್ರಿಸುತ್ತಿರುವ ಸಂಖ್ಯೆ ಅದು. ಕರೆಗೆ ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಕರೆ ಮಾಡುವ ಮುಂಚೆ ಎರಡು ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ: ದಿನಕ್ಕೆ ಎಷ್ಟು ಸೇದುತ್ತೀರಿ, ಬೆಳಿಗ್ಗೆ ಎದ್ದ ಎಷ್ಟು ನಿಮಿಷಕ್ಕೆ ಮೊದಲನೆಯದನ್ನು ಹಚ್ಚುತ್ತೀರಿ. ಚಟದ ಬಿಗಿಯನ್ನು ಅಳೆಯುವುದು ಮುಖ್ಯವಾಗಿ ಈ ಎರಡರಿಂದಲೇ.