ಅಪರೂಪದ ಕ್ಯಾನ್ಸರ್: ಜೀನ್ ಪರೀಕ್ಷೆಗೆ ದುಡ್ಡು ಕಟ್ಟುವ ಮುನ್ನ

ಜಠರ, ಸಣ್ಣ ಕರುಳಿನ ಗೋಡೆಯಲ್ಲಿ ಬೆಳೆಯುವ ‘ಜಿಸ್ಟ್’ ಅಪರೂಪದ ಗಡ್ಡೆ. ಹಳೆಯ ಕೀಮೋಗೆ ಅದು ಜಗ್ಗುತ್ತಿರಲಿಲ್ಲ. ಅದರ ಮೂಲ ಹೆಚ್ಚಾಗಿ ಕಿಟ್ ಎಂಬ ಜೀನ್‌ನ ದೋಷದಲ್ಲಿದೆ ಎಂದು 1998ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಕೆಲವೇ ವರ್ಷಗಳಲ್ಲಿ ಇಮ್ಯಾಟಿನಿಬ್ ಮಾತ್ರೆ ಬಂದು ರೋಗಿಗಳ ಆಯುಷ್ಯ ಹಿಗ್ಗಿತು. ಅಲ್ಲೂ ಒಂದು ಒಳಸುಳಿ ಇದೆ. ದೋಷ ಕಿಟ್‌ನ 11ನೇ ಎಕ್ಸಾನ್‌ನಲ್ಲಿದ್ದರೆ (ಎಕ್ಸಾನ್ ಎಂದರೆ ಜೀನ್‌ನ ಒಂದು ತುಂಡು) ಸಾಮಾನ್ಯವಾಗಿ ದಿನಕ್ಕೆ 400 ಮಿಲಿಗ್ರಾಂ ಸಾಕು. 9ನೆಯದರಲ್ಲಿದ್ದರೆ ವೈದ್ಯರು 800ರವರೆಗೂ ಏರಿಸುವುದುಂಟು. ಪಿಡಿಜಿಎಫ್‌ಆರ್‌ಎ ಜೀನ್‌ನಲ್ಲಿ ಡಿ842ವಿ ದೋಷವಿದ್ದರಂತೂ ಇಮ್ಯಾಟಿನಿಬ್ ನುಂಗಿಯೂ ಫಲವಿಲ್ಲ. ಅದಕ್ಕೆ ಅವಪ್ರಿಟಿನಿಬ್ ಎಂಬ ಬೇರೆಯೇ ಔಷಧ ಬೇಕು.

ಯಾವ ದೋಷವೆಂದು ಹೇಳುವುದು ಜೀನ್ ಪರೀಕ್ಷೆ. ಹಾಗೆಂದು ಅದನ್ನು ಮಾಡಿಸಿದವರಿಗೆಲ್ಲ ಔಷಧ ಸಿಕ್ಕೇಬಿಡುತ್ತದೆ ಎಂದುಕೊಳ್ಳಬೇಡಿ. ಅನೇಕರ ವರದಿಯಲ್ಲಿ ಚಿಕಿತ್ಸೆ ಬದಲಿಸುವಂಥದ್ದೇನೂ ಇರುವುದಿಲ್ಲ. ಆದ್ದರಿಂದ ಆಂಕಾಲಜಿಸ್ಟ್‌ರನ್ನು ಮೊದಲೇ ಕೇಳಿ: ‘ಫಲಿತಾಂಶ ಬಂದರೆ ನನ್ನ ಚಿಕಿತ್ಸೆಯಲ್ಲಿ ಏನು ಬದಲಾದೀತು?’ ಸರಿಯಾದ ಉತ್ತರ ಬಾರದಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ.

ಮೊದಲು ಸ್ಲೈಡ್, ಆಮೇಲೆ ಜೀನ್

ಅಪರೂಪದ ಗಡ್ಡೆಗಳಲ್ಲಿ ರೋಗದ ಹೆಸರೇ ತಪ್ಪುವ ಸಂಭವ ಹೆಚ್ಚು. ಅಂಥವನ್ನು ಹೆಚ್ಚು ನೋಡಿದ ಪೆಥಾಲಜಿಸ್ಟ್‌ರಿಂದ ಸ್ಲೈಡ್‌ಗಳ ಮರುಪರಿಶೀಲನೆ ಮಾಡಿಸಿ. ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಸ್ಮಾರಕದಂಥ ದೊಡ್ಡ ಕ್ಯಾನ್ಸರ್ ಕೇಂದ್ರಗಳಲ್ಲಿ ಈ ಬಗ್ಗೆ ವಿಚಾರಿಸಬಹುದು.

ಬಯಾಪ್ಸಿಯ ಮೇಣದ ಬ್ಲಾಕ್ ಎಲ್ಲಿದೆ ಎಂದು ತಿಳಿದುಕೊಳ್ಳಿ. ಜೀನ್‌ಗಳನ್ನು ಓದುವ ಸೀಕ್ವೆನ್ಸಿಂಗ್ ನಿಂತಿರುವುದು ಅದರಲ್ಲಿರುವ ಗಡ್ಡೆಯ ಪುಟ್ಟ ತುಣುಕಿನ ಮೇಲೆ. ಅದರಲ್ಲಿ ಕ್ಯಾನ್ಸರ್ ಕೋಶಗಳು ತೀರಾ ಕಡಿಮೆಯಿದ್ದರೆ, ಅಥವಾ ಬ್ಲಾಕ್ ಬಹಳ ಹಳೆಯದಾಗಿದ್ದರೆ ಪರೀಕ್ಷೆ ವಿಫಲವಾಗಬಹುದು. ಮೂಳೆಯ ತುಣುಕನ್ನು ಮೆದುಗೊಳಿಸಲು ಬಳಸುವ ಆಮ್ಲ ಡಿಎನ್‌ಎಯನ್ನೇ ಹಾಳುಮಾಡುತ್ತದೆ. ಆದ್ದರಿಂದ ಬಯಾಪ್ಸಿಗೆ ಮೊದಲೇ ‘ಇದನ್ನು ಜೀನ್ ಪರೀಕ್ಷೆಗೂ ಕಳಿಸುತ್ತೇವೆ’ ಎಂದು ಹೇಳಿಬಿಡಿ. ಔಷಧ ನಾಟದೆ ರೋಗ ಮರುಕಳಿಸಿದ್ದರೆ ಹೊಸ ಬಯಾಪ್ಸಿಯೇ ಒಳ್ಳೆಯದು, ಗಡ್ಡೆಯ ಜೀನ್‌ಗಳು ಅಷ್ಟರಲ್ಲಿ ಬದಲಾಗಿರಬಹುದು.

ಯಾವ ಪರೀಕ್ಷೆ? ಹೆಚ್ಚಿನವರಿಗೆ ಇಡೀ ಜೀನೋಮ್ ಓದಿಸುವ ಅಗತ್ಯವಿಲ್ಲ, ನೂರಾರು ಜೀನ್‌ಗಳ ಪ್ಯಾನೆಲ್ ಸಾಕು. ಸಾರ್ಕೋಮಾ, ಲಾಲಾಗ್ರಂಥಿಯ ಕ್ಯಾನ್ಸರ್‌ಗಳಲ್ಲಂತೂ ಆರ್‌ಎನ್‌ಎ ಪರೀಕ್ಷೆಯೂ ಇದೆಯೇ ಎಂದು ಕೇಳಿ. ಎರಡು ಜೀನ್‌ಗಳು ಬೆಸೆದುಕೊಂಡ ದೋಷ ಬರೀ ಡಿಎನ್‌ಎ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳಬಹುದು. ಅಂಥ ಎನ್‌ಟಿಆರ್‌ಕೆ ಬೆಸುಗೆಗೆ ಲಾರೊಟ್ರೆಕ್ಟಿನಿಬ್ ಎಂಬ ಔಷಧವಿದೆ. ಗಡ್ಡೆ ದೇಹದ ಯಾವ ಭಾಗದಲ್ಲಿದ್ದರೂ ಕೊಡಬಹುದೆಂದು ಅಮೆರಿಕ 2018ರಲ್ಲೇ ಒಪ್ಪಿಗೆ ನೀಡಿತು.

ವರದಿ ಕೈಗೆ ಬಂದಾಗ

ವರದಿಗೆ ವಾರಗಳೇ ಹಿಡಿಯಬಹುದು. ಅಲ್ಲಿಯವರೆಗೆ ನಡೆಯುತ್ತಿರುವ ಚಿಕಿತ್ಸೆ ನಿಲ್ಲಿಸಬೇಡಿ. ‘ವಿಯುಎಸ್’ ಎಂದು ಬರೆದಿದ್ದರೆ ಅರ್ಥ ಇನ್ನೂ ಖಚಿತವಾಗದ ಬದಲಾವಣೆ ಎಂದು. ಅದರ ಆಧಾರದ ಮೇಲೆ ಔಷಧ ಆರಿಸುವಂತಿಲ್ಲ. ಹಲವು ತಜ್ಞರು ಕೂತು ಚರ್ಚಿಸುವ ಮಾಲಿಕ್ಯುಲರ್ ಟ್ಯೂಮರ್ ಬೋರ್ಡ್ ಮುಂದೆ ವರದಿ ಇಡಿಸಿ. ಟಿಪಿ53, ಬಿಆರ್‌ಸಿಎಯಂಥ ಜೀನ್‌ಗಳಲ್ಲಿ ದೋಷ ಕಂಡರೆ ಅದು ವಂಶದಿಂದ ಬಂದದ್ದೋ ಅಲ್ಲವೋ ಎಂದು ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕಾಗಬಹುದು. ಮನೆಯವರಿಗೆ ಹೇಳುವ ಮೊದಲು ಜೆನೆಟಿಕ್ ಕೌನ್ಸೆಲರ್ ಜತೆ ಮಾತಾಡಿ.

ಔಷಧದ ಬೆಲೆ ಬೇರೆಯದೇ ಹೋರಾಟ. ಇಮ್ಯಾಟಿನಿಬ್‌ನ ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ ತಳ್ಳಿಹಾಕಿದ್ದರಿಂದ ಅದರ ಜೆನೆರಿಕ್ ಅಗ್ಗಕ್ಕೆ ಸಿಗುತ್ತದೆ. ಇಲ್ಲಿ ಮಾರಾಟಕ್ಕಿಲ್ಲದ ಔಷಧವನ್ನು ಸ್ವಂತ ಬಳಕೆಗೆ ತರಿಸಲು ವೈದ್ಯರ ಚೀಟಿಯೊಂದಿಗೆ ಕೇಂದ್ರ ಔಷಧ ನಿಯಂತ್ರಕರಿಗೆ ಫಾರ್ಮ್ 12ಎ ಸಲ್ಲಿಸಬೇಕು. ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ನಿಮ್ಮ ಗಡ್ಡೆಗೆ ಪ್ರಯೋಗ ನಡೆಯುತ್ತಿದೆಯೇ ಎಂದೂ ನೋಡಿ.

ಪರೀಕ್ಷೆ ಮುಗಿದ ಮೇಲೆ ಉಳಿದ ಬ್ಲಾಕನ್ನು ವಾಪಸ್ ಕೇಳಿ ಪಡೆಯಿರಿ. ಮುಂದಿನ ಪರೀಕ್ಷೆಗೂ ಅದೇ ಬೇಕು.